ಇದು ಯಾವ ದಿನದ ಬಜಾರು?

ಹಂಪಿ ಬಜಾರಿನಲ್ಲಿ, ವಿರೂಪಾಕ್ಷ ದೇವಸ್ಥಾನದ ಕಡೆಯ ತುದಿಯಲ್ಲಿ, ಒಬ್ಬಾಕೆ ನೆಲದ ಮೇಲೆ ಬಟ್ಟೆ ಹಾಸಿ ಅಂಗೈಯಗಲದ ಕಲ್ಲಿನ ರಥಗಳನ್ನು ಮಾರುತ್ತಿದ್ದರು. ನನ್ನ ಮಗ ಒಂದನ್ನು ಎತ್ತಿಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು, ಸುತ್ತ ತಿರುಗಿಸಿ ನೋಡಿ, "ಅಪ್ಪಾ, ಗಾಲಿ ದೊಡ್ಡದಾಯ್ತು" ಅಂದ.

"ಗಾಲಿ ದೊಡ್ಡದಿದ್ರ ಜಲ್ದಿ ಓಡತೈತಿ. ತಗೋ ತಮ್ಮಾ" ಎಂದು ಆಕೆ ನಕ್ಕರು. ತಗೊಂಡೆವು.

ಅವನ ತಕರಾರಿಗೆ ಕಾರಣ ನಾನೇ. ಬೆಂಗಳೂರಿನಲ್ಲಿ ನಾವು ಹನ್ನೆರಡು ಮಂದಿಯ ಒಂದು ಕೂಟವಿದೆ. ತಿಂಗಳಿಗೊಮ್ಮೆ ಒಬ್ಬರ ಮನೆಯ ತಾರಸಿಯಲ್ಲಿ ಸೇರಿ ಸೇನೆಯ ಟ್ಯಾಂಕು, ಜೀಪು, ಲಾರಿಗಳ ಪುಟ್ಟ ಮಾದರಿಗಳನ್ನು ಮಾಡುತ್ತೇವೆ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಉಪ್ಪುಕಾಗದದಿಂದ ಉಜ್ಜಿ, ಅಂಟಿಸಿ, ಬಣ್ಣ ಹಚ್ಚುವ ಕೆಲಸ. ನನ್ನ ಹೆಂಡತಿ ಇದಕ್ಕೆ "ದೊಡ್ಡವರ ಗೊಂಬೆಯಾಟ" ಅನ್ನುತ್ತಾಳೆ. ಅದು ತಪ್ಪೇನಲ್ಲ. ಆದರೆ ಈ ಆಟದಲ್ಲಿ ಲೆಕ್ಕ ತಪ್ಪುವಂತಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವುದು 1:35ರ ಅಳತೆಯಲ್ಲಿ. ಅಂದರೆ ನಿಜವಾದ 35 ಸೆಂಟಿಮೀಟರ್ ಮಾದರಿಯಲ್ಲಿ 1 ಸೆಂಟಿಮೀಟರ್. ಇದೇಕೆ 35, ಸಲೀಸಾದ 30 ಅಥವಾ 40 ಯಾಕಲ್ಲ ಎಂದು ಮಗ ಕೇಳಿದ್ದ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಾಗ, ಅದರ ಹೊಟ್ಟೆಯೊಳಗೆ ಒಂದು ಮೋಟಾರು ಮತ್ತು ಎರಡು ಬ್ಯಾಟರಿ ಹಿಡಿಯಬೇಕಿತ್ತು. ಹಿಡಿಯುವಷ್ಟು ದೊಡ್ಡದು ಮಾಡಿ ಆಮೇಲೆ ಅಳೆದರೆ 1:35 ಬಂತು. ಬ್ಯಾಟರಿ ಹೇಳಿದ ಅಳತೆಯನ್ನು ಜಗತ್ತೇ ಒಪ್ಪಿಕೊಂಡಿತು!

ನಮ್ಮ ಕೂಟದಲ್ಲಿ ಒಬ್ಬರು ಹಿರಿಯರಿದ್ದಾರೆ. ಯಾರು ಯಾವ ಮಾದರಿ ತಂದಿಟ್ಟರೂ ಅವರದು ಒಂದೇ ಪ್ರಶ್ನೆ: "ಇದು ಯಾವ ದಿನದ್ದು?" ಒಮ್ಮೆ ನಾನು 1965ರ ಯುದ್ಧದ ಸೆಂಚುರಿಯನ್ ಟ್ಯಾಂಕ್ ಮಾಡಿ, ಮರುಭೂಮಿಯ ಮರಳಿನ ಬಣ್ಣದ ಧೂಳು ಚೆನ್ನಾಗಿ ಬಳಿದು, ಕೆಳಗೆ "ಅಸಲ್ ಉತ್ತರ್" ಎಂದು ಬರೆದು ಒಯ್ದಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಸಲ್ ಉತ್ತರ್ ಇರೋದು ಪಂಜಾಬಿನಲ್ಲಿ. ಸೆಪ್ಟೆಂಬರ್ ತಿಂಗಳು, ಕಬ್ಬಿನ ಗದ್ದೆ, ನೀರು ಬಿಟ್ಟಿದ್ದರು. ಶತ್ರುಗಳ ಪ್ಯಾಟನ್ ಟ್ಯಾಂಕುಗಳು ಕೆಸರಲ್ಲಿ ಹೂತುಹೋದವು. ನಿಮ್ಮ ಟ್ಯಾಂಕಿಗೆ ಮರಳು ಎಲ್ಲಿಂದ ಬಂತು?" ಮನೆಗೆ ಬಂದು ಮರಳು ತೊಳೆದು ಕೆಸರು ಹಚ್ಚಿದೆ. ಮಗ ಪಕ್ಕದಲ್ಲೇ ಕೂತಿದ್ದ. ಅಂದಿನಿಂದ ಆ ಪ್ರಶ್ನೆ ಅವನಿಗೂ ಅಂಟಿಕೊಂಡಿತು.

ಈ ವರ್ಷದ ಪ್ರದರ್ಶನಕ್ಕೆ ಕೂಟ ಕೊಟ್ಟ ವಿಷಯ "ನಮ್ಮೂರಿನ ಸೇನಾ ವಾಹನ". ನಾನು ಹೊಸಪೇಟೆಯವನು. ಹೊಸಪೇಟೆಯಲ್ಲಿ ಎಲ್ಲಿಯ ಟ್ಯಾಂಕು? ಮಗ ಥಟ್ಟನೆ 50 ರೂಪಾಯಿ ನೋಟು ತಿರುಗಿಸಿ ತೋರಿಸಿದ. ನೀವೂ ತಿರುಗಿಸಿ ನೋಡಿ, ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. "ರಥ ಅಂದ್ರೆ ಯುದ್ಧದ ಗಾಡಿ ತಾನೇ?" ಹೀಗೆ ಹೊರಟಿತು ನಮ್ಮ ಸವಾರಿ.

ಬಜಾರು ಪೂರ್ವಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರ್ ನೇರ ಹೋಗಿ, ಮಾತಂಗ ಬೆಟ್ಟದ ಬುಡದಲ್ಲಿ ಎದುರು ಬಸವಣ್ಣನ ಮುಂದೆ ನಿಲ್ಲುತ್ತದೆ. ಎರಡೂ ಕಡೆ ಕಲ್ಲುಗಂಬದ ಸಾಲುಮಂಟಪಗಳು. ಮಗ ನಡೆಯುತ್ತಲೇ ಲೆಕ್ಕ ಹಾಕಿದ. 1:35ರಲ್ಲಿ ಈ ಬೀದಿಗೆ 21 ಮೀಟರ್ ಬೇಕು, ನಮ್ಮ ಮನೆಯೊಳಗೆ ಹಿಡಿಯದು. ಸುಮಾರು 50 ಮೀಟರಿನ ವಿರೂಪಾಕ್ಷ ಗೋಪುರ 1 ಮೀಟರ್ 43 ಸೆಂಟಿಮೀಟರ್ ಆಗುತ್ತದೆ. "ನನಗಿಂತ ಬರೀ ಮೂರು ಸೆಂಟಿಮೀಟರ್ ಹೆಚ್ಚು!" ಎಂದು ಹಿಗ್ಗಿದ. ಅವನೇ ಆ ಅಳತೆಯಲ್ಲಿ 4 ಸೆಂಟಿಮೀಟರ್ ಆಗುತ್ತಾನೆಂದು ಹೇಳಿದಾಗ ಹಿಗ್ಗು ಸ್ವಲ್ಪ ಇಳಿಯಿತು.

ಬಸವಣ್ಣನಿಗಿಂತ ಮೊದಲೇ ಎಡಕ್ಕೆ ತಿರುಗಿ, ಹೊಳೆಯ ದಂಡೆ ಹಿಡಿದು, ಕೋದಂಡರಾಮ ದೇವಸ್ಥಾನ, ಅರಸರ ತುಲಾಭಾರದ ಕಲ್ಲುಗಂಬ ದಾಟಿದರೆ ವಿಠ್ಠಲ ದೇವಸ್ಥಾನ. ವಾಹನದಲ್ಲಿ ಕಮಲಾಪುರದ ಕಡೆಯಿಂದಲೂ ಬರಬಹುದು, ಕೊನೆಯ ದಾರಿಗೆ ಬ್ಯಾಟರಿ ಗಾಡಿಗಳಿವೆ. ಆದರೆ ನಡೆದೇ ಹೋಗಿ. ಬಂಡೆಗಳ ನಡುವೆ ತುಂಗಭದ್ರೆ ಕಾಣುತ್ತ, ಮರೆಯಾಗುತ್ತ ಜೊತೆಗೇ ಬರುತ್ತಾಳೆ.

ರಥದ ಸುತ್ತ ಈಗ ಬೇಲಿ ಇದೆ, ಮುಟ್ಟುವಂತಿಲ್ಲ. ಟೇಪು ತಂದಿದ್ದ ಮಗನ ಮುಖ ಬಾಡಿತು. ನಮ್ಮ ಹವ್ಯಾಸದವರು ಇಂಥ ಕಡೆ ಒಂದು ಉಪಾಯ ಮಾಡುತ್ತಾರೆ: ಅಳತೆ ಗೊತ್ತಿರುವ ಏನನ್ನಾದರೂ ಫೋಟೋದೊಳಗೆ ನಿಲ್ಲಿಸುವುದು. ಗೊತ್ತಿರುವ ಅಳತೆ ಅವನದೇ. 1 ಮೀಟರ್ 40. ಅವನನ್ನು ಬೇಲಿಯ ಹತ್ತಿರ ನಿಲ್ಲಿಸಿ, ನಾನು ರಥದಿಂದ 30 ಹೆಜ್ಜೆ ಹಿಂದೆ ಸರಿದು ಫೋಟೋ ತೆಗೆದೆ. ಹತ್ತಿರದಿಂದ ತೆಗೆದರೆ ಮುಂದಿರುವುದು ತೀರಾ ಉಬ್ಬಿ ಕಾಣುತ್ತದೆ, ದೂರ ಹೋದಷ್ಟೂ ಲೇಸು. ಅವನು ನನ್ನಿಂದ 27 ಹೆಜ್ಜೆ ದೂರ, ರಥ 30 ಹೆಜ್ಜೆ. ಹಾಗಾಗಿ ಫೋಟೋದಲ್ಲಿ ಅವನು ಒಂಬತ್ತರಲ್ಲೊಂದು ಪಾಲು ಹೆಚ್ಚು ಎತ್ತರ ಕಾಣುತ್ತಾನೆ. ಅಷ್ಟು ಕಳೆದರೆ ರಥದ ಅಳತೆ ಸಿಕ್ಕಿತು. ಶಾಲೆಯಲ್ಲಿ ಅನುಪಾತದ ಲೆಕ್ಕಕ್ಕೆ ಅಳುವ ಹುಡುಗ ಇಲ್ಲಿ ಎರಡು ಸಲ ಮಾಡಿ ತಾಳೆ ನೋಡಿದ.

ಆಮೇಲೆ ಶುರುವಾಯಿತು ನಿಜವಾದ ತೊಡಕು. ರಥದ ಮುಂದೆ ಎರಡು ಆನೆಗಳಿವೆ. ಮಗ ಬೇಲಿಯ ಪಕ್ಕದಿಂದ ಬಗ್ಗಿ ನೋಡುತ್ತಿದ್ದವನು, "ಅಪ್ಪಾ, ಆನೆ ಹಿಂದೆ ಕುದುರೆ ಬಾಲ!" ಎಂದು ಕೂಗಿದ. ಹೌದು, ಮೊದಲು ಅಲ್ಲಿದ್ದದ್ದು ಕುದುರೆಗಳು. ಅವುಗಳ ಹಿಂಗಾಲು, ಬಾಲ ಮಾತ್ರ ಉಳಿದಿವೆ. ಆನೆಗಳನ್ನು ಆಮೇಲೆ ತಂದಿಟ್ಟದ್ದು. ತಲೆಯ ಮೇಲೂ ಹಾಗೇ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದಿದ್ದ. ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇವತ್ತು ಇಲ್ಲ. ನೆರಳು ಬೀಳುವ ಕೆಳಭಾಗದಲ್ಲಿ ಹಳೆಯ ಬಣ್ಣದ ಗುರುತು ಇನ್ನೂ ಇದೆ. ಎಂದರೆ ಒಂದು ಕಾಲಕ್ಕೆ ಇದು ಬೂದು ಕಲ್ಲಿನ ರಥವಾಗಿರಲಿಲ್ಲ, ಬಣ್ಣದ ತೇರು. ತಿರುಗುತ್ತಿದ್ದ ಗಾಲಿಗಳನ್ನು ಸವೆಯದಂತೆ ಗಾರೆ ಹಾಕಿ ನಿಲ್ಲಿಸಿದ್ದಾರೆ.

"ಹಾಗಾದರೆ ಯಾವ ದಿನದ್ದು ಮಾಡೋಣ?" ಎಂದ ಮಗ. ಕುದುರೆ ಇದ್ದ ದಿನದ್ದೋ, ಆನೆ ಇರುವ ದಿನದ್ದೋ?

ಅದಕ್ಕೂ ಮೊದಲು ಇನ್ನೊಂದು ಸತ್ಯ ಹೇಳಬೇಕಾಯಿತು. ಇದು ಯುದ್ಧದ ಗಾಡಿಯೇ ಅಲ್ಲ. ವಿಠ್ಠಲನ ಎದುರು ಗರುಡನಿಗೆ ಕಟ್ಟಿದ ಗುಡಿ, ಮರದ ತೇರಿನ ಹಾಗೆ ಕಲ್ಲಿನಲ್ಲಿ ಮಾಡಿದ್ದು. ವಿಜಯನಗರದ ಸೈನ್ಯ ರಥ ಏರಿ ಕಾದುತ್ತಿರಲಿಲ್ಲ. ಅವರ ಟ್ಯಾಂಕು ಯಾವುದು ಅಂತ ನೋಡಬೇಕಾದರೆ ಹಜಾರರಾಮ ದೇವಸ್ಥಾನದ ಹೊರಗೋಡೆಗೆ ಹೋಗಬೇಕು. ಅಲ್ಲಿ ಸಾಲಿನ ಮೇಲೆ ಸಾಲು ಮೆರವಣಿಗೆ: ಕೆಳಗೆ ಆನೆ, ಅದರ ಮೇಲೆ ಕುದುರೆ, ಮೇಲೆ ಕಾಲಾಳು, ಇನ್ನೂ ಮೇಲೆ ಕುಣಿಯುವವರು. ಆನೆಯ ಬೆನ್ನಿನ ಅಂಬಾರಿಯಿಂದ ಯೋಧರು ಹೊಡೆದಾಡುತ್ತಿದ್ದರು, ದಂತಕ್ಕೆ ಹರಿತವಾದ ಕತ್ತಿ ಕಟ್ಟುತ್ತಿದ್ದರು ಎಂದು ಆ ಕಾಲದ ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಮಗ ಗೋಡೆಯ ಮುಂದೆ ಒಂದು ಗಂಟೆ ಕೂತು ಪುಸ್ತಕದಲ್ಲಿ ಆನೆ ಬರೆದ. ಕೃಷ್ಣದೇವರಾಯ ರಾಯಚೂರು ಗೆದ್ದ 1520ರ ಬಜಾರಿನಲ್ಲಿ ಒಂದು ಯುದ್ಧದ ಆನೆ, ಹಿಂದೆ ಸಾಲುಮಂಟಪ. ಚಿತ್ರ ಸಿದ್ಧವಾಯಿತು. ದಾರಿಯಲ್ಲಿ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಹೊಕ್ಕು, ಅಂಗಳದಲ್ಲಿರುವ ಹಂಪಿಯ ದೊಡ್ಡ ಮಾದರಿ ನೋಡಿದೆವು. ಬೆಟ್ಟ, ಹೊಳೆ, ಗುಡಿ ಎಲ್ಲ ಇವೆ, ಒಬ್ಬ ಮನುಷ್ಯನೂ ಇಲ್ಲ.

ಸಂಜೆ ಕಡ್ಡಿರಾಂಪುರದಲ್ಲಿರುವ ನನ್ನ ಸೋದರಮಾವನ ಮನೆಗೆ ಹೋದೆವು. ಮಾವನಿಗೆ ಎಪ್ಪತ್ತು ದಾಟಿದೆ. ಬಜಾರಿನ ಮಂಟಪವೊಂದರಲ್ಲಿ ಅವರದು ಚಹಾ, ಬಳೆ, ಸೋಡಾದ ಅಂಗಡಿ ಇತ್ತು. ಬೇಸಿಗೆ ರಜೆಗೆ ನಾನು ಅಲ್ಲೇ ಇರುತ್ತಿದ್ದೆ. 2011ರ ಜುಲೈನಲ್ಲಿ ಸಾಲುಮಂಟಪಗಳ ಅಂಗಡಿ, ಮನೆಗಳನ್ನು ತೆರವು ಮಾಡಿದಾಗ ಅದೂ ಹೋಯಿತು. ಆ ವಿಷಯ ಮಾವ ಎತ್ತುವುದಿಲ್ಲ, ನಾವೂ ಕೆದಕುವುದಿಲ್ಲ.

ಮಗನಿಗೆ ಅದೆಲ್ಲ ಏನು ಗೊತ್ತು? ಚಿತ್ರದ ಪುಸ್ತಕ ಅವರ ಮುಂದೆ ಬಿಚ್ಚಿದ. ಮಾವ ಕಂಬದ ಸಾಲನ್ನು ಬೆರಳಿನಿಂದ ಎಣಿಸುತ್ತ ಹೋಗಿ ಒಂದು ಕಡೆ ನಿಂತರು.

"ಇದು ಯಾವಾಗಿನ ಬಜಾರು, ತಮ್ಮಾ?"

"1520, ತಾತ."

"ಹಂಗಾರ ನನ್ನ ಅಂಗಡಿ ಎಲ್ಲೈತಿ?"

ಮಗ ನನ್ನ ಮುಖ ನೋಡಿದ. ನಾನು ಚಹಾ ಲೋಟ ನೋಡಿದೆ. ಅವನು ಸುಮ್ಮನಿರುವ ಕುಳವಲ್ಲ. "ನಿಮ್ಮ ಅಂಗಡಿ ಹತ್ತಿರ ಯಾವಾಗಾದರೂ ಮಿಲಿಟರಿ ಗಾಡಿ ಬಂದಿತ್ತಾ? ಬಂದಿದ್ದರೆ ಅದನ್ನೇ ಮಾಡಬಹುದು" ಅಂದ.

ಮಾವ ಎದ್ದು ಕೂತರು. ಬಂದಿತ್ತು! ಬಜಾರಿನೊಳಗೆ ಗಾಡಿ ಬಿಡುತ್ತಿದ್ದ ಕಾಲ. ಒಂದು ಶಕ್ತಿಮಾನ್ ಲಾರಿ, ತುಂಬ ಜವಾನರು, ದೇವಸ್ಥಾನ ನೋಡಲು ಬಂದವರು. ಅಂಗಡಿಯ ಮುಂದೆಯೇ ನಿಲ್ಲಿಸಿ ಚಹಾ ಕುಡಿದರು. ಒಬ್ಬ ತಂಗಿಗೆ ಅಂತ ಎರಡು ಡಜನ್ ಹಸಿರು ಬಳೆ ತಗೊಂಡು, ಒಡೆಯದಂತೆ ತನ್ನ ಉಲ್ಲನ್ ಟೋಪಿಯೊಳಗೆ ಸುತ್ತಿಟ್ಟುಕೊಂಡ.

"ಯಾವ ದಿನ ತಾತ?" ಮಗ ಪೆನ್ಸಿಲ್ ಹಿಡಿದ.

ವರ್ಷ ನೆನಪಿಲ್ಲ. ಆದರೆ ದಿನ ನೆನಪಿದೆ. ಚೈತ್ರದಲ್ಲಿ ವಿರೂಪಾಕ್ಷನ ತೇರು ಎಳೆದು ಎರಡನೇ ದಿನ. ಬೀದಿ ತುಂಬ ತೇರಿಗೆ ಎಸೆದ ಬಾಳೆಹಣ್ಣು, ಉತ್ತತ್ತಿ ಇನ್ನೂ ಬಿದ್ದಿದ್ದವು. ಮಣ್ಣಿನಲ್ಲಿ ತೇರಿನ ಗಾಲಿಯ ಗುರುತು. ಲಾರಿ ಸಂಡೂರಿನ ಕಡೆಯಿಂದ ಬಂದಿತ್ತು, ಗಾಲಿಯೆಲ್ಲ ಕೆಂಪು ಕೆಂಪು. "ನೀನೂ ಇದ್ದಿ. ಡ್ರೈವರ್ ಸೀಟಿನಾಗ ಹತ್ತಿ ಕುಂತು ಇಳಿಯಾಕ ಒಲ್ಲೆ ಅಂದಿ" ಎಂದರು ನನಗೆ. ನನಗೆ ಒಂದಿಷ್ಟೂ ನೆನಪಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ.

ನಮ್ಮ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಕೊಟ್ಟವರು ಯಾರೂ ಇಲ್ಲ.

ಶಕ್ತಿಮಾನ್ ಜರ್ಮನಿಯ ಎಂ.ಎ.ಎನ್ ಕಂಪನಿಯ ವಿನ್ಯಾಸ, ಜಬಲ್‌ಪುರದಲ್ಲಿ ತಯಾರಾಗುತ್ತಿದ್ದ ಲಾರಿ. ಮುಂದೆ ಉದ್ದ ಮೂತಿ. ಕಿಟ್ ನಮಗೆ ಸಿಗಲಿಲ್ಲ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಫೋಟೋ ನೋಡಿ ನೋಡಿ, ಮೂರು ತಿಂಗಳು ಕೂತು ಕಟ್ಟಿದೆವು. ಮೂತಿಯನ್ನೇ ನಾಲ್ಕು ಸಲ ಒಡೆದು ಮಾಡಿದ್ದು. ಧೂಳಿಗೆ ಮಾತ್ರ ಕಷ್ಟವಾಗಲಿಲ್ಲ. ಹೊಸಪೇಟೆಯಿಂದ ಹೊರಡುವಾಗ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದಿಂದ ಒಂದು ಡಬ್ಬಿ ಕೆಂಪು ಹುಡಿ ತುಂಬಿಕೊಂಡಿದ್ದೆವು. ತೆಳು ಬಟ್ಟೆಯಲ್ಲಿ ಜಾಲಿಸಿ, ನೀರು ಬೆರೆಸಿದ ಫೆವಿಕಾಲ್ ಸವರಿದ ಗಾಲಿಯ ಮೇಲೆ ಉದುರಿಸಿದರೆ ಸಾಕು. ವಿದೇಶದಿಂದ ಪುಟ್ಟ ಶೀಶೆಗೆ ನೂರಾರು ರೂಪಾಯಿ ಕೊಟ್ಟು ತರಿಸುವ ತುಕ್ಕಿನ ಬಣ್ಣ ಇದರ ಮುಂದೆ ಏನೂ ಅಲ್ಲ. ಹುಡಿ ಗಾಲಿಗೆ ಮಾತ್ರ, ಬಜಾರಿನ ನೆಲಕ್ಕೆ ಬೂದು ಮಣ್ಣು. ಬಾಳೆಹಣ್ಣಿನ ಸಿಪ್ಪೆಗಳನ್ನು ಮಗ ಹಳದಿ ಕಾಗದದಿಂದ ಕತ್ತರಿಸಿದ. ಒಂದೊಂದೂ ಜೋಳದ ಕಾಳಿಗಿಂತ ಚಿಕ್ಕದು.

ಮಾವನ ಫೋನು ವಾರಕ್ಕೆರಡು ಸಲ. ಕಂಬಕ್ಕೆ ಮೊಳೆ ಹೊಡೆದು ಬಳೆ ತೂಗುಹಾಕಿದ್ದು ಮರೆಯಬೇಡಿ. ನೀಲಿ ತಾಡಪಾಲು, ಹಸಿರಲ್ಲ. ಆಮೇಲೆ ತಾವೇ ತಡೆದು, "ಆ ಕಂಬಕ್ಕ ಮೊಳೆ ಹೊಡೀಬಾರದಿತ್ತು, ಖರೇ. ಅಷ್ಟು ಹಳೇ ಕಲ್ಲು. ಆದ್ರ ಹೊಡೆದಿದ್ದೆ, ಹಾಕಿ" ಅಂದರು.

ಪ್ರದರ್ಶನದ ದಿನ ಮಾವ ಬೆಂಗಳೂರಿಗೆ ಬಂದರು. ಹಿರಿಯರು ಮೇಜಿನ ಬಳಿ ಬಂದು ಪ್ರಶ್ನೆ ಕೇಳುವ ಮೊದಲೇ ಮಗ, "ತೇರಿನ ಎರಡನೇ ದಿನ" ಅಂದುಬಿಟ್ಟ. ಮಾವ ಕನ್ನಡಕ ಏರಿಸಿ ಬಗ್ಗಿದರು. ಲಾರಿಯನ್ನು ನೋಡಲೇ ಇಲ್ಲ. ಅಂಗಡಿಯನ್ನೇ ಬಹಳ ಹೊತ್ತು ನೋಡಿದರು.

"ಸ್ಟೂಲು ನಾಲ್ಕು ಮಾಡೀರಿ. ನನ್ನ ಹತ್ರ ಇದ್ದದ್ದು ಮೂರು."

ಮಗ ಚಿಮಟ ತಗೊಂಡು ಒಂದು ಸ್ಟೂಲು ಕಿತ್ತ. ಮಾವ ಅಂಗೈ ಚಾಚಿದರು. ಅದನ್ನು ಇಸಕೊಂಡು, ಅಂಗಿಯ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ಅದರೊಳಗೆ ಹಾಕಿಕೊಂಡರು.