ನಮ್ಮದು ಬೊಂಬೆ ಪಟ್ಟಣ ಅಲ್ಲ

ಬೆಂಗಳೂರಲ್ಲಿ ಯಾರಾದ್ರೂ ಊರು ಕೇಳಿದಾಗ ಚನ್ನರಾಯಪಟ್ಟಣ ಅಂದ್ರೆ ಸಾಕು, "ಓ, ಬೊಂಬೆ ಊರಾ?" ಅಂತಾರೆ. ಅಲ್ಲ ಸ್ವಾಮಿ, ಅದು ಚನ್ನಪಟ್ಟಣ. ಮೈಸೂರು ರಸ್ತೆ. ಆಲೆ ಮರದಲ್ಲಿ ಬೊಂಬೆ ಕಡೆದು ಅರಗಿನ ಬಣ್ಣ ಹಾಕೋರು ಅವರು. ನಮ್ಮದು ಹಾಸನದ ರಸ್ತೆ, ಶ್ರವಣಬೆಳಗೊಳ ಇರೋ ತಾಲ್ಲೂಕು. ನಮ್ಮಲ್ಲಿರೋದು ತೆಂಗು, ರಾಗಿ. ಬೊಂಬೆ ಇಲ್ಲ.

ಹಿಂಗೆ ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ.

ಮಗಳಿಗೆ ನಾಲ್ಕು ತುಂಬೋ ಹೊತ್ತಿಗೆ ನಮ್ಮ ಫ್ಲ್ಯಾಟಿನಲ್ಲಿ ಆಟಿಕೆಗೆಂದೇ ಮೂರು ಡಬ್ಬ ತುಂಬಿದ್ದವು. ಹಿಂದಿನ ವರ್ಷದ ರಿಮೋಟ್ ಕಾರು ಎರಡೇ ದಿನ ಓಡಿತ್ತು. "ಈ ಸಲ ಏನೂ ತರಬೇಡಿ, ನೀವೇ ಏನಾದ್ರೂ ಮಾಡಿಕೊಡಿ. ಬಿಇ ಓದಿದ್ದೀರಲ್ಲ" ಅಂದಳು ಹೆಂಡತಿ. ತಮಾಷೆಗೆ ಅಂದಿದ್ದು. ಆದ್ರೆ ನನಗೆ ಚುಚ್ಚಿತು. ಹತ್ತು ವರ್ಷಕ್ಕೂ ಮೇಲೆ ಕೋಡ್ ಬರೆದಿದ್ದೀನಿ, ಕೈಯಲ್ಲಿ ಹಿಡಿಯೋವಂಥದ್ದು ಒಂದೂ ಮಾಡಿಲ್ಲ.

ಅರವಿಂದ ಗುಪ್ತ ಅವರ ವಿಡಿಯೋ ನೋಡೋಕೆ ಕೂತೆ. ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಓದಿ, ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೇ ಪೇಪರಿನಿಂದ ಆಟಿಕೆ ಮಾಡೋದನ್ನು ದೇಶದ ಮಕ್ಕಳಿಗೆ ಕಲಿಸಿದವರು. 2018ರಲ್ಲಿ ಪದ್ಮಶ್ರೀ ಬಂತು. ನೋಡ್ತಾ ನೋಡ್ತಾ ಅಪ್ಪ ನೆನಪಾದ. ಸವೆದ ಹವಾಯಿ ಚಪ್ಪಲಿಯನ್ನು ಗುಂಡಗೆ ಕತ್ತರಿಸಿದ ಚಕ್ರ, ಜೋಳದ ದಂಟಿನ ಗಾಡಿ, ತೆಂಗಿನ ಮಟ್ಟೆ ಬ್ಯಾಟು, ಗರಿಯ ವಾಚು, ಪೀಪಿ. ಅವನ್ನು ಗಿಫ್ಟ್ ಅಂತ ಯಾರೂ ಕರೆದಿರಲಿಲ್ಲ. ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಬೇರೆಯವರು ಚಿಕ್ಕಂದಿನ ವಿಡಿಯೋ ಗೇಮಿನ ಕತೆ ಹೇಳುವಾಗ ನಾನು ಅವುಗಳ ಸುದ್ದಿ ಎತ್ತುತ್ತಿರಲಿಲ್ಲ.

ಹುಟ್ಟಿದಹಬ್ಬಕ್ಕೆ ಊರಿಗೆ ಹೋದ್ವಿ. ಅಪ್ಪ ಜಗುಲಿ ಮೇಲೆ ಕುರ್ಚಿ ಹಾಕ್ಕೊಂಡು ಕೂತಿದ್ದ. ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಬಲಗೈ ಬೆರಳು ಮಡಚುತ್ತವೆ, ಬಿಗಿಯಾಗಿ ಹಿಡಿಯೋಕಾಗಲ್ಲ. ಹಿಸುಕೋಕೆ ಅಂತ ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟಿದ್ರು. "ನಾನೇನ್ ಮಗೂನಾ?" ಅಂತ ಅದನ್ನು ಕಿಟಕಿಗೆ ಇಟ್ಟವನು ಮತ್ತೆ ಮುಟ್ಟಿರಲಿಲ್ಲ.

"ಅಪ್ಪಾ, ಪೀಪಿ ಸುತ್ತೋದು ಹೆಂಗೆ?"

"ಮರ್ತೋಯ್ತೇನ್ಲಾ?"

ಮರೆತಿರಲಿಲ್ಲ. ಕಲಿತೇ ಇರಲಿಲ್ಲ. ಕೇಳಿದಾಗೆಲ್ಲ ಅವನೇ ಮಾಡಿಕೊಡ್ತಿದ್ದ.

ಹಸಿ ಗರಿ ತಂದೆ. ಎಲೆಯಿಂದ ಕಡ್ಡಿ ಸೀಳಿ ತೆಗೆದು, ತುದಿಯಿಂದ ಬಿಗಿಯಾಗಿ ಸುತ್ತುತ್ತಾ ಬರಬೇಕು, ಬರಬರ್ತಾ ಅಗಲ ಆಗಬೇಕು, ಕೊನೆಗೆ ಅದೇ ಕಡ್ಡಿ ಚುಚ್ಚಿ ನಿಲ್ಲಿಸಬೇಕು. ಕೇಳೋಕೆ ಸುಲಭ. ನನ್ನದು ಬಿಚ್ಚಿ ಬಿಚ್ಚಿ ಹೋಗ್ತಿತ್ತು. "ಅಂಗಲ್ಲ ಕಣ್ಲಾ, ಇಲ್ಲಿ ಒತ್ತು" ಅಂತ ಅಪ್ಪ ಎಡಗೈ ಚಾಚಿದ. ಅವನದೊಂದು, ನನ್ನವೆರಡು, ಮೂರು ಕೈ ಸೇರಿ ಸುತ್ತಿದ್ವಿ. ಐದಾರು ಮೂಕ ಪೀಪಿ ಆದ ಮೇಲೆ ಒಂದು ಕೂಗಿತು, ಎಮ್ಮೆಗರು ಅರಚಿದಂಗೆ. ಮಗಳು ಅದನ್ನು ಕಿತ್ತುಕೊಂಡು ಕತ್ತಲಾಗೋವರೆಗೂ ಊದಿ ಬೀದಿ ನಾಯಿಗಳನ್ನೆಲ್ಲ ಎಬ್ಬಿಸಿದಳು.

ಬೆಳಿಗ್ಗೆ ಎದ್ದರೆ ಸದ್ದಿಲ್ಲ. "ತಾತಾ, ಕೆಟ್ಟೋಯ್ತು."

"ಕೆಟ್ಟಿಲ್ಲ ಕಣವ್ವ, ಒಣಗೈತೆ. ಇನ್ನೊಂದ್ ಸುತ್ತನ ಬಾ."

ರಿಮೋಟ್ ಕಾರು ಕೆಟ್ಟಾಗ ಅವಳು ಹೊಸದು ಕೊಡಿಸು ಅಂದಿದ್ದಳು. ಈಗ ತಾತನ ಪಕ್ಕ ಹೋಗಿ ಕೂತಳು.

ನೀವೂ ಮಾಡೋದಾದ್ರೆ ನಾನು ಕಲಿತದ್ದಿಷ್ಟು. ಮೂರು ವರ್ಷದೊಳಗಿನವರಿಗೆ ಬಾಯಿಗೆ ಹೋಗುವಂಥ ಬೀಜ, ಗುಂಡಿ ಬೇಡ. ಅಜ್ಜಿಯ ಹಳೇ ಸೀರೆಯಲ್ಲಿ ಗೊಂಬೆ ಹೊಲಿದು, ಕಣ್ಣು ಮೂಗನ್ನೂ ದಾರದಲ್ಲೇ ಹಾಕಿ. ನಾಲ್ಕೈದರವರಿಗೆ ಶೂ ಡಬ್ಬದ ಬಸ್ಸು ಸಾಕು. ಅದಕ್ಕಿಂತ ದೊಡ್ಡವರಿಗೆ ರಟ್ಟಿನ ಮೇಲೆ ಚೌಕಾಬಾರ ಬರೆದು, ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗೋವರೆಗೂ ಉಜ್ಜಿದರೆ ಕವಡೆ ಆಯ್ತು. ಪೂರ್ತಿ ಮುಗಿಸಿ ಪ್ಯಾಕ್ ಮಾಡಬೇಡಿ. ಅರ್ಧ ಮಾಡಿ, ಉಳಿದರ್ಧಕ್ಕೆ ಮಗುವನ್ನು ಕೂರಿಸಿಕೊಳ್ಳಿ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಅಪ್ಪ ದಿನಾ ಹಸಿ ಗರಿ ತರಿಸ್ಕೊಂಡು ಸುತ್ತುತ್ತಾ ಕೂರ್ತಾನಂತೆ. ಬಲಗೈಯಲ್ಲಿ ಒತ್ತೋಕೆ ನೋಡ್ತಾನೆ, ಜಾರಿ ಬಿಚ್ಚಿಹೋಗುತ್ತೆ, ಮತ್ತೆ ಸುತ್ತುತ್ತಾನೆ. ರಬ್ಬರ್ ಚೆಂಡು ಇನ್ನೂ ಕಿಟಕಿಯಲ್ಲೇ ಇದೆ.

"ಒಂದಾದ್ರೂ ಕೂಗ್ತಾ?" ಅಂತ ಕೇಳಿದೆ.

"ಇನ್ನೂ ಇಲ್ಲ. ಪುಟ್ಟಿ ಯಾವಾಗ ಬತ್ತಾಳೆ ಅಂತಾವ್ರೆ."