ಒಳಗಿನ ಪರಿಗ್ರಹ

ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿತ ಒಂದು ಪಾಠ ನನಗೆ ಅಂಗಡಿಯಲ್ಲಿ ನಿತ್ಯ ಉಪಯೋಗಕ್ಕೆ ಬಂದಿತು. ವಸೂಲಾಗದ ಬಾಕಿಯನ್ನು ವರ್ಷದಿಂದ ವರ್ಷಕ್ಕೆ ಆಸ್ತಿಯೆಂದು ಬರೆದುಕೊಂಡು ಹೋದರೆ ಲೆಕ್ಕಪತ್ರವೇ ಸುಳ್ಳಾಗುತ್ತದೆ. ಅದನ್ನು ವಜಾ ಮಾಡಬೇಕು. ಆದರೆ ಮನಸ್ಸಿನ ಖಾತೆಯಲ್ಲಿ ಅಂಥದೇ ಒಂದು ಬಾಕಿಯನ್ನು ನಾನು ಇಪ್ಪತ್ತೆರಡು ವರ್ಷ ಹೊತ್ತಿದ್ದೆ.

1996ರಲ್ಲಿ ನಾನೂ ನನ್ನ ತಮ್ಮನೂ ಪಾಲಾದೆವು. ದಾಸ್ತಾನಿನ ಎಣಿಕೆಯಲ್ಲಿ ವ್ಯತ್ಯಾಸ ಬಂದು, ಮಾತಿಗೆ ಮಾತು ಬೆಳೆದು, ಹೋಗಿಬರುವುದು ನಿಂತಿತು. ತಪ್ಪು ಅವನದು, ಹಿರಿಯನಾದ ನಾನು ಅವನ ಹೊಸ್ತಿಲು ತುಳಿಯಬಾರದು ಎಂಬುದು ನನ್ನ ದೃಢ ನಂಬಿಕೆಯಾಯಿತು. ಅದನ್ನು ಸ್ವಾಭಿಮಾನವೆಂದು ಕರೆದುಕೊಂಡೆ. ದಶಲಕ್ಷಣ ಪರ್ವದಲ್ಲಿ ಬಸದಿಯಲ್ಲಿ ಕುಳಿತು ಉತ್ತಮ ಕ್ಷಮೆಯ ಕುರಿತು ನಾಲ್ಕು ಮಾತಾಡುತ್ತಿದ್ದವನೂ ನಾನೇ. ಕ್ಷಮಾವಣಿಯಂದು ಊರವರಿಗೆಲ್ಲ ಕೈಮುಗಿದು, ಒಂದು ಮನೆಯನ್ನು ಮಾತ್ರ ಬಿಟ್ಟುಬರುತ್ತಿದ್ದವನೂ ನಾನೇ.

2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಗೊಮ್ಮಟೇಶನ ತೊಡೆ ತೋಳುಗಳನ್ನು ಸುತ್ತಿದ ಕಲ್ಲಿನ ಬಳ್ಳಿಗಳು ಅಂದು ನನ್ನನ್ನು ತಡೆದು ನಿಲ್ಲಿಸಿದವು. ರಾಜ್ಯ ಬಿಟ್ಟು, ವಸ್ತ್ರ ಬಿಟ್ಟು, ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಒದಗಲಿಲ್ಲ. ತನ್ನಿಂದ ಅಣ್ಣ ನೊಂದನೆಂಬ ಅಳುಕು ಒಳಗೆ ಉಳಿದಿತ್ತು. ಭರತನು ಬಂದು ಪೂಜಿಸಿದಾಗ ಅದು ಕಳೆಯಿತೆಂದು ಪುರಾಣ ಹೇಳುತ್ತದೆ. ಬಂದವನು ಅಣ್ಣ, ಅದೂ ಚಕ್ರವರ್ತಿ! ಹಿರಿಯನು ಹೋಗಬಾರದೆಂಬ ನನ್ನ ನಂಬಿಕೆಗೆ ಆಧಾರವೇ ಇರಲಿಲ್ಲ.

ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ, ಅಂದರೆ 'ನನ್ನದು' ಎಂಬ ಅಂಟು ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ನಿರೂಪಣೆ. ಶಾಸ್ತ್ರದ ಗಣನೆಯಲ್ಲಿ ಹೊರಗಿನ ಪರಿಗ್ರಹ ಹತ್ತು, ಒಳಗಿನದು ಹದಿನಾಲ್ಕು, ಮಾನಕಷಾಯ ಒಳಗಿನದು. ಹೊಲ, ಮನೆ, ಬಂಗಾರಗಳಿಗೆ ನಾನು ಮಿತಿ ಹಾಕಿಕೊಂಡಿದ್ದೆ. ನಂಬಿಕೆಯೂ ಸ್ವತ್ತಾಗಬಲ್ಲದೆಂದು ತೋರಿರಲಿಲ್ಲ.

ಆ ವರ್ಷದ ಕ್ಷಮಾವಣಿಯಂದು ತಮ್ಮನ ಮನೆಗೆ ಹೋದೆ. ಬಾಗಿಲಲ್ಲಿ ನಿಂತ ಅವನು ಹೇಳಿದ ಮೊದಲ ಮಾತು: "ಅಣ್ಣ, ನೀವು ನನ್ನನ್ನು ಒಳಗೆ ಕರೆಯುವುದಿಲ್ಲವೆಂದು ತಿಳಿದೇ ನಾನು ಬರಲಿಲ್ಲ." ಅವನದೂ ಒಂದು ನಂಬಿಕೆ! ದಾಸ್ತಾನಿನ ಆ ಲೆಕ್ಕ ಇಂದಿಗೂ ತಾಳೆಯಾಗಿಲ್ಲ. ಇಬ್ಬರೂ ಅದನ್ನು ವಜಾ ಮಾಡಿದ್ದೇವೆ. ಆದರೆ ನಮ್ಮಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕಾಣಬೇಕೆಂದು ಹಂಬಲಿಸುತ್ತಿದ್ದ ತಾಯಿ 2011ರಲ್ಲೇ ತೀರಿಕೊಂಡಿದ್ದರು. ಆ ನಷ್ಟವನ್ನು ತುಂಬಿಕೊಡುವ ಖಾತೆ ಯಾವುದೂ ಇಲ್ಲ.

ಶ್ರಾವಕ ಬಂಧುಗಳೇ, ಕ್ಷಮಾವಣಿಯಂದು ನಾವು ಬಿಟ್ಟುಬರುವ ಮನೆ ಯಾವುದೆಂದು ಒಮ್ಮೆ ನೋಡಿಕೊಳ್ಳೋಣ. ನಮ್ಮನ್ನು ಕಟ್ಟಿಹಾಕಿದ ಬಳ್ಳಿಯ ಬೇರು ಅಲ್ಲಿರಬಹುದು.