ಬ್ಯಾಡಗಿ ಅಂತ ಓದಾಕ ಬಾರದ ಬ್ಯಾಡಗಿ ಹುಡುಗ

2024ರ ಡಿಸೆಂಬರ್. ಬ್ಯಾಡಗಿ ತಾಲೂಕಿನ ನಮ್ಮ ಅಕ್ಕನ ಊರಿಗೆ ಹೋಗಿದ್ದೆ. ಮೆಣಸಿನಕಾಯಿ ಸುಗ್ಗಿ ಶುರುವಾಗುವ ಹೊತ್ತು. ಆ ದಿನಗಳಲ್ಲಿ ಅಕ್ಕ ಮುಂಜಾನೆ ಬುತ್ತಿ ಕಟ್ಟಿಕೊಂಡು ಬ್ಯಾಡಗಿಗೆ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದ ಮೇಲೆ ಎಷ್ಟು ಸೋಪು ಹಚ್ಚಿ ತೊಳೆದರೂ ಕೈ ಉರಿ ಹೋಗುವುದಿಲ್ಲ. ಅಂಥ ಕೈಯಲ್ಲೇ ಮಗನ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ‘ನೋಡೋ ತಮ್ಮಾ, ನಿನ್ನ ಅಳಿಯಾ ಹೆಂಗ ಬರೀತಾನ.’

ನಿಜಕ್ಕೂ ಚಂದ ಬರೆದಿದ್ದ. ನಾಲ್ಕನೇ ಇಯತ್ತೆ ಹುಡುಗ. ಅಕ್ಷರ ಮುತ್ತು ಪೋಣಿಸಿದ ಹಾಗೆ, ಪುಟಪುಟಕ್ಕೂ ಕೆಂಪು ಪೆನ್ನಿನ ರೈಟ್ ಗುರುತು. ನನಗೂ ಹೆಮ್ಮೆ ಅನಿಸಿತು. ಚೀಲದಲ್ಲಿ ಅವತ್ತಿನ ಪೇಪರ್ ಇತ್ತು, ಅದರಲ್ಲಿ ನಾನು ಕಳಿಸಿದ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ನಮ್ಮಂಥ ಸ್ಟ್ರಿಂಗರ್‌ಗಳ ಹೆಸರು ಹಾಕುವುದಿಲ್ಲ, ಆದರೂ ನನ್ನದೇ ಸುದ್ದಿ ತಾನೇ. ‘ಇದನ್ನ ಓದಿ ನಿಮ್ಮವ್ವಗ ಕೇಳಸು’ ಅಂದೆ.

ಎರಡು ಅಕ್ಷರ ಬಿಡಿಬಿಡಿಯಾಗಿ ಹೇಳಿದ. ಆಮೇಲೆ ನನ್ನ ಮುಖ ನೋಡಿದ. ಆಮೇಲೆ ಅವ್ವನ ಮುಖ ನೋಡಿದ.

‘ಮಾಮಾ, ಇದು ನಮ್ಮ ಪುಸ್ತಕದಾಗ ಇಲ್ಲ.’

ಹಾಗಾದರೆ ನಿನ್ನ ಪುಸ್ತಕವನ್ನೇ ಓದು ಅಂದೆ. ಪಾಠ ತೆಗೆದು ಪಟಪಟ ಹೇಳತೊಡಗಿದ, ಎಲ್ಲೂ ತಡವರಿಸಲಿಲ್ಲ. ಅಕ್ಕನ ಮುಖಕ್ಕೆ ಕಳೆ ಬಂತು. ನಾನು ಸುಮ್ಮನಿರಬೇಕಿತ್ತೇನೋ, ಪಾಠದ ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು ‘ಇದೇನು?’ ಅಂದೆ. ಹುಡುಗ ಪಾಠವನ್ನು ಮೊದಲಿನಿಂದ ಬಾಯಲ್ಲೇ ಗುಣುಗುಣು ಹೇಳಿಕೊಳ್ಳುತ್ತ ಆ ಶಬ್ದದವರೆಗೆ ಬರಲು ನೋಡಿದ. ಸಾಲು ತಪ್ಪಿತು. ಕಣ್ಣಲ್ಲಿ ನೀರು ಬಂತು. ಪಾಠ ಪೂರಾ ಬಾಯಿಪಾಠ. ನೋಟ್‌ಬುಕ್ಕಿನಲ್ಲಿದ್ದದ್ದು ಹಲಗೆ ನೋಡಿ ತೆಗೆದ ಚಿತ್ರ. ಬರೆಯುತ್ತಿದ್ದ, ಆದರೆ ಏನು ಬರೆದಿದ್ದೇನೆ ಅಂತ ಅವನಿಗೇ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಅಕ್ಕ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಗನ ಮೇಲಿನ ಸಿಟ್ಟೋ, ಗುಟ್ಟು ಹೊರಗೆ ಹಾಕಿದ ನನ್ನ ಮೇಲಿನ ಸಿಟ್ಟೋ ತಿಳಿಯಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅವನು ಓದಲಾಗದೆ ನಿಂತ ಆ ನಾಲ್ಕು ಸಾಲು ಒಂದು ಶಾಲಾ ಕಾರ್ಯಕ್ರಮದ ಸುದ್ದಿ. ‘ಮಕ್ಕಳ ಕಲಿಕೆಯಲ್ಲಿ ಗಣನೀಯ ಪ್ರಗತಿ ಕಂಡುಬಂದಿದೆ’ ಎಂದು ವೇದಿಕೆಯಲ್ಲಿ ಯಾರೋ ಹೇಳಿದ್ದನ್ನು ನಾನು ಹಾಗೇ ಬರೆದು ಕಳಿಸಿದ್ದೆ. ಹತ್ತು ವರ್ಷದಿಂದ ಶಾಲೆಗಳ ಸುದ್ದಿ ಮಾಡುತ್ತಿದ್ದೇನೆ. ಕೊಠಡಿ ಉದ್ಘಾಟನೆ, ಸೋರುವ ಮಾಳಿಗೆ, ಶೌಚಾಲಯ, ಮೊಟ್ಟೆ, ಸೈಕಲ್ಲು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮೂರು ದಿನ ನಿದ್ದೆಗೆಟ್ಟು ಓಡಾಡಿದೆ. ಕನಕದಾಸರ ನಾಡು, ಸರ್ವಜ್ಞನ ನಾಡು, ಶರೀಫಜ್ಜನ ನಾಡು ಎಂದು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಇಷ್ಟು ವರ್ಷದಲ್ಲಿ ಒಂದು ಮಗುವನ್ನೂ ಕರೆದು ‘ಈ ಸಾಲು ಓದು’ ಅಂತ ಕೇಳಿರಲಿಲ್ಲ.

ಅಸರ್ ಸಮೀಕ್ಷೆಯವರು 2005ರಿಂದ ಮಾಡುತ್ತಿರುವುದು ಅಷ್ಟನ್ನೇ. ಅವರು ಹಳ್ಳಿಯ ಮನೆಗಳಿಗೇ ಹೋಗಿ, ಹುಡುಗರ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಸರಳ ಶಬ್ದ, ಒಂದನೇ ಇಯತ್ತೆ ಮಟ್ಟದ ನಾಲ್ಕು ಸಾಲು, ಎರಡನೇ ಇಯತ್ತೆ ಮಟ್ಟದ ಸಣ್ಣ ಕಥೆ ಇರುತ್ತವೆ. ಎಲ್ಲಿ ನಿಲ್ಲುತ್ತಾರೆ ಅಂತ ಗುರುತು ಹಾಕಿಕೊಳ್ಳುತ್ತಾರೆ. ಮಾರ್ಕ್ಸ್ ಕಾರ್ಡಿನಲ್ಲಿ ಇದು ಕಾಣುವುದಿಲ್ಲ. ಐದು ನಿಮಿಷದ ಕೆಲಸ, ನೀವೂ ಇವತ್ತು ಸಂಜೆ ಮನೆಯಲ್ಲಿ ಮಾಡಬಹುದು. ಬಯ್ಯದೆ ಮಾಡಿ.

ನನ್ನ ಅಳಿಯ ಒಂದನೇ ಇಯತ್ತೆಗೆ ಹೆಸರು ಹಚ್ಚಿದ್ದು 2021ರಲ್ಲಿ. ಕೊರೊನಾ ಕಾಲ. ರಾಜ್ಯದಲ್ಲಿ ಒಂದರಿಂದ ಐದನೇ ಇಯತ್ತೆವರೆಗಿನ ಬಾಗಿಲು ತೆರೆದದ್ದು ಆ ವರ್ಷ ಅಕ್ಟೋಬರ್ 25ಕ್ಕೆ. ಅಂಗನವಾಡಿಯೂ ಸರಿಯಾಗಿ ಸಿಗಲಿಲ್ಲ, ಒಂದನೇ ಇಯತ್ತೆಯೂ ಸಿಗಲಿಲ್ಲ. ಮುಂದಿನ ವರ್ಷ ಕಲಿಕಾ ಚೇತರಿಕೆ ಅಂತ ಸರ್ಕಾರ ಬಿಟ್ಟುಹೋದದ್ದನ್ನು ಕಲಿಸಲು ಹೊರಟಿತು. ಆದರೆ ನಮ್ಮ ಹುಡುಗ ಸುಗ್ಗಿ ಬಂದಾಗ ಅಕ್ಕನ ಬೆನ್ನು ಹತ್ತಿ ಬ್ಯಾಡಗಿಗೆ ಹೋಗುತ್ತಿದ್ದ. ಮನೆಯಲ್ಲಿ ಬಿಟ್ಟು ಹೋಗಲು ಯಾರೂ ಇಲ್ಲ.

ಜನವರಿಯಲ್ಲಿ ರಾಣೆಬೆನ್ನೂರು ತಾಲೂಕಿನ ಒಂದು ಊರಿಗೆ ಬೇರೆ ಸುದ್ದಿಗೆಂದು ಹೋದವನು ಅಲ್ಲಿನ ಕನ್ನಡ ಸಾಲಿಯೊಳಗೆ ಹೋಗಿ ಕೂತೆ. ಪರ್ಮಿಷನ್ ಕೇಳಿದೆ. ಅಕ್ಕೋರು ಅನುಮಾನದಿಂದಲೇ ನೋಡಿದರು. ‘ಪೇಪರ್‌ನವ್ರು ಅಂದ್ರ ಅಂಜಿಕಿ ಬರ್ತೈತ್ರಿ, ಏನ ಬರೀತೀರೋ ಏನೋ’ ಅಂದರು. ಹೆಸರು, ಊರು ಹಾಕುವುದಿಲ್ಲ ಅಂದ ಮೇಲೆ ಕುರ್ಚಿ ಕೊಟ್ಟರು. ನಾನು ನೆಲದ ಮೇಲೇ ಕೂತೆ.

ನಲಿ-ಕಲಿ ತರಗತಿ. ಒಂದು, ಎರಡು, ಮೂರು ಮೂರೂ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ. ಈ ಪದ್ಧತಿ ಮೊದಲು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಕಾರ್ಡುಗಳನ್ನು ನೋಡಿ ಬಂದು ಕನ್ನಡಕ್ಕೆ ತಕ್ಕ ಹಾಗೆ ಮಾಡಿಕೊಂಡರು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಗೋಡೆಗೆ ಏಣಿಯ ಚಿತ್ರ, ನೆಲದ ಮೇಲೆ ಐದು ತಟ್ಟೆ ಅಂತ ಗುಂಪು, ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಿಂದ ಜೋತು ಬಿದ್ದ ಮಕ್ಕಳ ಚಿತ್ರಗಳು. ಒಂದು ತಟ್ಟೆಯವರಿಗೆ ಅಕ್ಕೋರು ಪೂರಾ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಕೊನೆಯದರಲ್ಲಿ ತಾವೇ ಮಾಡಿಕೊಳ್ಳುತ್ತಾರೆ.

ನಮ್ಮ ಕಾಲದ ಹಾಗೆ ಅ ಆ ಇ ಈ ಇಂದ ಶುರು ಇಲ್ಲ. ಮೊದಲು ರ ಗ ಸ ದ ಅ. ಇದೇನು ಉಲ್ಟಾ ಅಂತ ನನಗೂ ಅನಿಸಿತ್ತು. ಅಕ್ಕೋರು ಸೀಮೆಸುಣ್ಣ ತಗೊಂಡು ಐದೇ ಅಕ್ಷರದಿಂದ ಬರೆದು ತೋರಿಸಿದರು: ಸರ, ರಸ, ಅರಸ, ಅಗಸ, ದಸರ. ಐದು ಅಕ್ಷರ ಕಲಿತ ವಾರವೇ ಮಗು ಶಬ್ದ ಓದುತ್ತದೆ. ನಾವು ವರ್ಣಮಾಲೆ ಪೂರಾ ಮುಗಿಸುವವರೆಗೆ ಒಂದು ಶಬ್ದ ಓದಿರಲಿಲ್ಲ.

ಇನ್ನೊಂದು ಅನುಕೂಲ ನಮ್ಮ ಸೀಮೆಗೆ ಹೇಳಿ ಮಾಡಿಸಿದಂಥದ್ದು. ಸುಗ್ಗಿಗೋ ದುಡಿಯಲಿಕ್ಕೋ ತಾಯಿ ತಂದೆಯ ಜೊತೆ ಹೋಗಿ ಹದಿನೈದು ದಿನ ಬಿಟ್ಟು ಬಂದ ಮಗು, ಏಣಿಯಲ್ಲಿ ತಾನು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹತ್ತಬಹುದು. ಪಾಠ ಮುಂದೆ ಹೋಗಿಬಿಡ್ತು ಅನ್ನುವ ಮಾತಿಲ್ಲ.

‘ಹಂಗಾರ ನಮ್ಮ ಹುಡುಗ ಹೆಂಗ ಹಿಂದ ಉಳದಾ?’ ಅಂತ ಕೇಳಿದೆ.

‘ಏಣಿ ಮೂರನೇ ಇಯತ್ತಿಗೆ ಮುಗೀತೈತ್ರಿ. ನಾಕನೇದಕ್ಕ ಹೋದ ಮ್ಯಾಲೆ ಪುಸ್ತಕ. ಪುಸ್ತಕ ಯಾರಿಗೂ ಕಾಯಂಗಿಲ್ಲ’ ಅಂದರು. ಆಮೇಲೆ ತಮ್ಮ ಕಷ್ಟವನ್ನೂ ಹೇಳಿದರು. ಮೂರು ಇಯತ್ತೆಗೆ ಒಬ್ಬರೇ. ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಮೀಟಿಂಗು. ಅಕ್ಕೋರು ಮೀಟಿಂಗಿಗೆ ಹೋದ ದಿನ ಐದು ತಟ್ಟೆಯೂ ಒಂದೇ ತಟ್ಟೆ, ಅಂದರೆ ಗದ್ದಲ. ಏಣಿಯ ಚಿತ್ರದಲ್ಲಿ ಮಗು ಮೇಲೆ ಹತ್ತಿದ ಹಾಗೆ ಟಿಕ್ ಬೀಳುವುದೂ, ಮಗು ಕೆಳಗೇ ಇರುವುದೂ ನಡೆಯುತ್ತದೆ ಅಂತ ಅವರೇ ಒಪ್ಪಿಕೊಂಡರು. ನನಗೆ ಅವರ ಮೇಲೆ ಗೌರವ ಬಂದದ್ದು ಆ ಮಾತಿಗೆ.

ಆದರೆ ನಾನು ಮರೆಯದೇ ಇರುವುದು ಏಣಿಯಲ್ಲ, ದಿನದ ಮೊದಲ ಅರ್ಧ ತಾಸು. ಪುಸ್ತಕ ಇಲ್ಲ, ಕಾರ್ಡೂ ಇಲ್ಲ. ‘ನಿನ್ನೆ ಸಂಜಿಮುಂದ ಏನೇನ ಆತು?’ ಅಂತ ಕೇಳುತ್ತಾರೆ. ಒಬ್ಬ ಎದ್ದು ‘ನಮ್ಮ ಆಕಳಾ ಕರಾ ಹಾಕೇತ್ರಿ’ ಅಂದ. ಅಕ್ಕೋರು ಅವನು ಅಂದ ಹಾಗೇ ಹಲಗೆಯ ಮೇಲೆ ಬರೆದರು. ತಿದ್ದಲಿಲ್ಲ. ‘ಬಾ, ನಿನ್ನ ಮಾತು ನೀನ ಓದು.’ ಓದಿದ. ಓದದೆ ಇರುತ್ತಾನೆಯೇ, ಅವನದೇ ಮಾತು, ಅವನದೇ ಆಕಳು. ಎಲ್ಲರೂ ಓದಿದರು. ಕೊನೆಗೆ ಅದರ ಕೆಳಗೆ ‘ನಮ್ಮ ಆಕಳು ಕರು ಹಾಕಿದೆ’ ಅಂತ ಬರೆದು, ‘ಪುಸ್ತಕದಾಗ ಹಿಂಗ ಬರೀತಾರ’ ಅಂದರು. ಮೇಲಿನದನ್ನು ಅಳಿಸಲಿಲ್ಲ.

ಹಿಂದಿನ ಸಾಲಿನಲ್ಲಿ ತಾಂಡಾದಿಂದ ಬರುವ ಒಂದು ಹುಡುಗಿ ಇತ್ತು. ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಲಂಬಾಣಿ, ಕನ್ನಡ ಅದಕ್ಕೆ ಸಾಲಿಗೆ ಬಂದ ಮೇಲೆ ಕೇಳಿದ ಭಾಷೆ. ಅಕ್ಕೋರು ಹಲಗೆಯ ಮೇಲೆ ಅವ್ವ ಅಂತ ಬರೆದು, ‘ನಿಮ್ಮ ಮನ್ಯಾಗ ಏನಂತೀರಿ?’ ಅಂದರು. ಬಹಳ ಹೊತ್ತಿನ ಮೇಲೆ ‘ಯಾಡಿ’ ಅಂತು. ಯಾಡಿ ಅಂತ ಪಕ್ಕದಲ್ಲೇ ಬರೆದರು. ಇಡೀ ಕೋಣೆ ಯಾಡಿ ಯಾಡಿ ಅಂತ ಓದಿತು. ಆ ಹುಡುಗಿ ಮುಖ ಮುಚ್ಚಿಕೊಂಡು ನಕ್ಕಿತು. ಮುಂದಿನ ಅರ್ಧ ತಾಸಿನಲ್ಲಿ ಮೂರು ಶಬ್ದ ಹೇಳಿತು. ನಾನು ಎಣಿಸಿದೆ.

ನನಗೆ ಅಲ್ಲಿ ಕೂತಾಗ ಹೊಟ್ಟೆಯಲ್ಲಿ ಏನೋ ಆಯಿತು. ಐದನೇ ಇಯತ್ತೆಯಲ್ಲಿ ನಾನೊಮ್ಮೆ ಎದ್ದು ‘ಸರ್, ಅಂವಾ ನನ್ನ ಪಾಟಿ ಒಡದಾನ್ರಿ’ ಅಂದಿದ್ದೆ. ಮಾಸ್ತರರು ನನ್ನ ದನಿ ಅಣಕಿಸಿ, ‘ಶುದ್ಧ ಕನ್ನಡದಾಗ ಹೇಳು, ಆಮ್ಯಾಲೆ ನ್ಯಾಯಾ ಮಾಡೂಣು’ ಅಂದರು. ಎಲ್ಲರೂ ನಕ್ಕರು. ಪಾಟಿಯ ನ್ಯಾಯ ಆಗಲೇ ಇಲ್ಲ. ಅಲ್ಲಿಂದ ನಾನು ತರಗತಿಯಲ್ಲಿ ಎದ್ದು ಮಾತಾಡಿದ ನೆನಪಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸಿದಾಗ ನಾಲಿಗೆ ಅಂಟಿಕೊಂಡಿತು, ಬೆವರು ಬಂತು. ಟಿವಿಗೆ ಹೋಗಲಿಲ್ಲ, ಬರೆಯುವ ಕೆಲಸವೇ ಇರಲಿ ಅಂತ ಇದಕ್ಕೆ ಬಂದೆ. ಈಗಲೂ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಕೇಳುವ ಮೊದಲು ಮನಸ್ಸಿನಲ್ಲಿ ಒಮ್ಮೆ ‘ಶುದ್ಧ’ ಮಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ಬೇರೆಯವರು ಕೇಳಿಬಿಟ್ಟಿರುತ್ತಾರೆ.

ಹೊರಡುವಾಗ ಅಕ್ಕೋರು ಅಂದರು, ‘ನಿಮ್ಮ ಅಳಿಯಾಗ ಪುಸ್ತಕ ಕೊಡಬ್ಯಾಡ್ರಿ. ಅಂವಾ ದಿನಾ ನೋಡೂ ಶಬ್ದಾ ಕೊಡ್ರಿ. ಎಲ್ಲಿ ಎಡವತಾನ ನೋಡ್ರಿ.’

ದಿನಾ ನೋಡುವ ಶಬ್ದ ಅಂದರೆ ಬಸ್ಸಿನ ಬೋರ್ಡು. ಒಂದು ಭಾನುವಾರ ಅವನನ್ನು ಮೋಟೆಬೆನ್ನೂರಿಗೆ ಕರೆದೊಯ್ದೆ. ಹೈವೇ ಬಿಟ್ಟು ಬ್ಯಾಡಗಿಗೆ ತಿರುಗುವ ಊರು ಅದು, ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಊರು. ಚಹಾ ಅಂಗಡಿಯ ಮುಂದೆ ಕೂತು ಬಂದ ಬಂದ ಬಸ್ಸಿನ ಬೋರ್ಡು ಓದುವ ಆಟ. ಸರಿಯಾಗಿ ಓದಿದರೆ ಒಂದು ಶೇಂಗಾ ಚಿಕ್ಕಿ ತುಂಡು.

ಹಾವೇರಿ, ತಡವರಿಸುತ್ತ ಓದಿದ. ದಾವಣಗೆರೆ, ಹರಿಹರ, ಅವನ್ನೂ ಓದಿದ. ನನಗೇ ಆಶ್ಚರ್ಯ. ಹುಬ್ಬಳ್ಳಿ ಬಂತು, ‘ಹುಬಳಿ’ ಅಂದ. ರಾಣೆಬೆನ್ನೂರು ‘ರಾಣೆಬೆನೂರು’ ಆಯಿತು. ಆಮೇಲೆ ಅವನ ತಾಲೂಕಿನದೇ ಬಸ್ಸು ಬಂತು. ‘ಬಾ... ಡ... ಗಿ. ಬಾಡಗಿ’ ಅಂದ.

ಆಗ ತಲೆಗೆ ಹೊಳೆಯಿತು. ಹುಡುಗನಿಗೆ ಅಕ್ಷರ ಗೊತ್ತು, ಕಾಗುಣಿತ ಅರ್ಧ ಗೊತ್ತು. ಅವನು ಸಾಲಿನ ಮೇಲೆ ಇದ್ದದ್ದನ್ನು ಓದುತ್ತಾನೆ, ಸಾಲಿನ ಕೆಳಗೆ ಜೋತುಬಿದ್ದದ್ದನ್ನು ಬಿಡುತ್ತಾನೆ. ಒತ್ತಕ್ಷರ ಅವನ ಕಣ್ಣಿಗೆ ಬಿದ್ದೇ ಇಲ್ಲ. ನೀವೇ ನೋಡಿ, ಬ್ಯಾಡಗಿ ಬರೆಯುವಾಗ ಮೊದಲು ‘ಬಾ’ ಕಾಣುತ್ತದೆ, ಕೆಳಗೆ ಯ ಒತ್ತು. ಆದರೆ ಓದುವಾಗ ಬ ಆದ ಮೇಲೆ ಯ ಬರಬೇಕು, ದೀರ್ಘ ಅದರ ಆಮೇಲೆ. ಕಣ್ಣು ನೋಡುವ ಕ್ರಮ ಒಂದು, ಬಾಯಿ ಹೇಳುವ ಕ್ರಮ ಇನ್ನೊಂದು. ನಮಗೆ ರೂಢಿಯಾಗಿ ಇದು ಕಷ್ಟ ಅಂತಲೇ ಗೊತ್ತಾಗುವುದಿಲ್ಲ. ಅರ್ಕಾವತ್ತು ಇನ್ನೂ ಮೋಸದ್ದು. ಬಸ್ಸಿನ ಮೈಮೇಲೆ ಕರ್ನಾಟಕ ಅಂತ ಇರುತ್ತದೆ, ಅದರಲ್ಲಿ ರ ಬರೆಯುವುದು ನಾ ಆದ ಮೇಲೆ, ಓದುವುದು ನಾ ಗಿಂತ ಮೊದಲು. ಇದನ್ನು ಯಾರೂ ಅವನ ಪಕ್ಕ ಕೂತು ಬೆರಳಿಟ್ಟು ತೋರಿಸಿರಲಿಲ್ಲ. ಬೆರಳಿಡಲು ಯಾರಿಗೂ ಹೊತ್ತಿರಲಿಲ್ಲ, ನನಗೂ.

ದಡ್ಡ ಅಲ್ಲ ಅಂತ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಒತ್ತಕ್ಷರ ಮರತಾವೋ ತಮ್ಮಾ’ ಅಂದಳು.

ಅಲ್ಲಿಂದ ಪ್ರತಿ ಭಾನುವಾರ ಒಂದೊಂದು ಒತ್ತು. ಮನೆಯವರ ಹೆಸರಿನಲ್ಲೇ ಹುಡುಕಿದೆವು. ಅಪ್ಪ, ಅವ್ವ, ಅಕ್ಕ, ಅಜ್ಜ, ತಮ್ಮ. ನಮ್ಮ ಸಂಬಂಧಗಳ ತುಂಬ ಒತ್ತಕ್ಷರ. ರೊಟ್ಟಿ, ಪಲ್ಲೆ, ಮಜ್ಜಿಗೆ. ಇವನ್ನು ಅವನು ಬಾಯಲ್ಲಿ ಒತ್ತಿಯೇ ಹೇಳುತ್ತಿದ್ದ, ಬರೆದದ್ದರಲ್ಲಿ ಆ ಒತ್ತು ಎಲ್ಲಿದೆ ಅಂತ ತೋರಿಸಿದರೆ ಸಾಕಾಯಿತು. ಬ್ಯಾಡಗಿ ಪೇಟೆಯಲ್ಲಿ ಅಂಗಡಿ ಬೋರ್ಡು ಓದುತ್ತ ನಡೆದೆವು. ‘ವರ್ತಕರು’ ಬಹಳ ದಿನ ಅವನ ಬಾಯಲ್ಲಿ ‘ವತರಕರು’ ಆಗಿತ್ತು. ಊರಿನ ಪಂಚಾಯತಿ ಲೈಬ್ರರಿಯಲ್ಲಿ ಹೆಸರು ಹಚ್ಚಿಸಿದೆ. ‘ಓದುವ ಬೆಳಕು’ ಅಂತ 2020ರಿಂದ ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ ಇದೆ, ಎಷ್ಟೋ ಊರಿನವರಿಗೆ ಗೊತ್ತೇ ಇಲ್ಲ, ವಿಚಾರಿಸಿ. ಅವನು ತಂದದ್ದು ಚಿತ್ರ ಹೆಚ್ಚು, ಅಕ್ಷರ ಕಡಿಮೆ ಇರುವ ಪುಸ್ತಕ. ತರಲಿ ಬಿಡಿ.

ಬರೆಯುವುದಕ್ಕೆ ಕಾಪಿ ಬಿಡಿಸಿ ಬೇರೆ ಕೆಲಸ ಕೊಟ್ಟವಳು ಅಕ್ಕನೇ. ತೊಟ್ಟು ಬಿಡಿಸುವ ಕೂಲಿ ಕಿಲೋ ಲೆಕ್ಕ. ದಿನಾ ಎಷ್ಟಾಯಿತು ಅಂತ ಅಲ್ಲಿಯವರು ತಮ್ಮ ವಹಿಯಲ್ಲಿ ಬರೆದುಕೊಳ್ಳುತ್ತಾರೆ, ಇವಳದು ನೆನಪಿನ ಲೆಕ್ಕ. ಸಂಜೆ ಬಂದು ಮಗನಿಗೆ ಹೇಳುವುದು, ಅವನು ಬರೆಯುವುದು, ಬರೆದದ್ದನ್ನು ತಿರುಗಿ ಓದಿ ಕೇಳಿಸುವುದು. ‘ಬರೇ ನಂಬರ್ ಬರೀಬ್ಯಾಡ, ಏನ ಆತು ಅದನ್ನೂ ಬರಿ’ ಅಂತ ನಾನು ಹೇಳಿದ್ದೆ.

ಫೆಬ್ರವರಿ ಕೊನೆಗೆ ಹೋದಾಗ ಆ ನೋಟ್‌ಬುಕ್ ನೋಡಿದೆ. ಅಕ್ಷರ ಮೊದಲಿನಷ್ಟು ಚಂದ ಇಲ್ಲ. ಹೊಡೆದು ಹಾಕಿದ್ದಾನೆ, ಸಾಲು ಡೊಂಕು, ತಪ್ಪು ಬೇಕಾದಷ್ಟು. ಒಂದು ದಿನದ್ದು ಹೀಗಿತ್ತು:

‘ಸೋಮವಾರ. ಅವ್ವ 14 ಕಿಲೋ ತೊಟು ಬಿಡಸ್ಯಾಳ. ಅವರು 13 ಅಂತ ಬರದಾರ. ಅವ್ವ ಜಗಳ ತಗದಳು. ಆಮ್ಯಾಲೆ 14 ಮಾಡಿದರು. ಕೈ ಉರಿ ಬಾಳ ಐತಿ.’

‘ತೊಟು’ ಅಲ್ಲ, ಟ ಕ್ಕೆ ಒತ್ತು ಹಾಕು ಅಂದೆ. ಪೆನ್ಸಿಲ್ ತಂದು ಹಾಕಿದ.